ಜನವರಿಯ ಮಣ್ಣು, ಜುಲೈನ ಲೆಕ್ಕ

ಹಾಸನ, 14 ಜೂನ್ 2025, ಶನಿವಾರ

ಮಳೆ ಹಿಡಿದಿದೆ. ವೃತ್ತಿ ಅರ್ಹತಾ ಸಂದರ್ಶನಕ್ಕೆ ಓದುತ್ತಿರುವ ಜಿಯೊಟೆಕ್ನಿಕಲ್ (ಮಣ್ಣು, ಬುನಾದಿ, ಇಳಿಜಾರು ನೋಡುವ) ಎಂಜಿನಿಯರುಗಳು ಸಕಲೇಶಪುರದ ಕಡೆ ಗುಡ್ಡ ಕಡಿದ ರಸ್ತೆಬದಿಯನ್ನು ಈಗಲೇ ನೋಡಬೇಕು. ಸಂದರ್ಶನಕ್ಕೆ ಕೊಡುವ ವರದಿಗೆ ಹತ್ತು ಪ್ರಾಜೆಕ್ಟ್ ತುಂಬುವುದಕ್ಕಿಂತ ಇಂಥ ಒಂದೇ ಕಟಿಂಗನ್ನು ಬುಡದವರೆಗೆ ವಿವರಿಸುವುದು ಮೇಲು. ಎದುರಿಗೆ ಕೂತವರು ಸುತ್ತಿಬಳಸಿ ಕೇಳುವುದು ಒಂದೇ: ಈ ಅಂಕಿಯನ್ನು ಯಾಕೆ ನಂಬಿದಿರಿ?

ಮೊದಲು ಬೋರ್ ಲಾಗ್, ಅಂದರೆ ಕೊರೆದ ರಂಧ್ರದ ಆಳವಾರು ದಾಖಲೆ. ಸ್ಪೂನ್ ಎಂಬ ಮಾದರಿ ಕೊಳವೆಯನ್ನು ಮಣ್ಣಿಗೆ ಹೊಡೆದಿಳಿಸುವ ಪರೀಕ್ಷೆಗೆ, ಭಾರತೀಯ ಮಾನಕ ಐಎಸ್ 2131 ಪ್ರಕಾರ 63.5 ಕೆಜಿ ಸುತ್ತಿಗೆ, 75 ಸೆಂ.ಮೀ. ಬೀಳು, ಮೊದಲ 15 ಸೆಂ.ಮೀ. ಬಿಟ್ಟು ಮುಂದಿನ 30 ಸೆಂ.ಮೀ. ಇಳಿಯಲು ಬೇಕಾದ ಪೆಟ್ಟುಗಳ ಸಂಖ್ಯೆಯೇ ಎನ್. ಇದು ಎಲ್ಲರಿಗೂ ಬಾಯಿಪಾಠ. ಎಡವುವುದು ಬೇರೆ ಕಡೆ: ಜಂಬಿಟ್ಟಿಗೆಯ ಗಟ್ಟಿ ಉಂಡೆಗೆ ಸ್ಪೂನ್ ತಾಗಿದರೆ ಎನ್ ಸುಳ್ಳೇ ಏರುತ್ತದೆ, ರಂಧ್ರದೊಳಗಿನ ನೀರು ಅಂತರ್ಜಲ ಮಟ್ಟಕ್ಕಿಂತ ಕೆಳಗಿಳಿದರೆ ತಳದ ಮರಳು ಉಕ್ಕಿ ಸಡಿಲಗೊಂಡು ಎನ್ ಇಳಿಯುತ್ತದೆ.

ಇನ್ನು ಇಳಿಜಾರು. 40 ಡಿಗ್ರಿ, ಜಾರುವ ಪದರದ ಲಂಬ ಆಳ 3 ಮೀಟರ್, ಮಣ್ಣಿನ ತೂಕ ಘನ ಮೀಟರಿಗೆ 18 ಕಿಲೋನ್ಯೂಟನ್, ಘರ್ಷಣ ಕೋನ (ಕಣಗಳ ನಡುವಿನ ಉಜ್ಜಾಟದ ಅಳತೆ) 32 ಡಿಗ್ರಿ ಎಂದುಕೊಳ್ಳಿ. ಜನವರಿಯ ಸ್ಯಾಂಪಲ್ ಕೊಹಿಶನ್ (ಮಣ್ಣಿನ ಅಂಟುಬಲ) 20 ಕಿಲೋಪಾಸ್ಕಲ್ ತೋರಿಸಿದರೆ, ಇನ್ಫಿನಿಟ್ ಸ್ಲೋಪ್ (ಉದ್ದಕ್ಕೂ ಒಂದೇ ರೀತಿಯ ಇಳಿಜಾರಿನ) ಸೂತ್ರದಲ್ಲಿ ಸುರಕ್ಷತಾ ಗುಣಾಂಕ, ಅಂದರೆ ತಡೆಯುವ ಬಲಕ್ಕೂ ಜಾರಿಸುವ ಬಲಕ್ಕೂ ಇರುವ ಅನುಪಾತ, 1.50; ಅದು 1ಕ್ಕಿಂತ ಕೆಳಗಾದರೆ ಗುಡ್ಡ ಜಾರುತ್ತದೆ. ಆದರೆ ಆ ಕೊಹಿಶನ್‌ನಲ್ಲಿ ಅರ್ಧ ಬರೀ ಸಕ್ಷನ್ (ಅರೆ ಒಣಗಿದ ಮಣ್ಣಿನ ಕಣಗಳನ್ನು ಹಿಡಿದಿಡುವ ತೇವದ ಎಳೆತ) ಕೊಟ್ಟ ಸಾಲವಾಗಿದ್ದರೆ? ಮಳೆ ಬಂದಾಗ ವಸೂಲಾಗುತ್ತದೆ. ನೆನೆದ ಮಣ್ಣಿನಲ್ಲಿ ಉಳಿಯುವ 10ನ್ನು ಹಾಕಿದರೆ 1.12. ನೀರು ಮೇಲ್ಮೈವರೆಗೆ ತುಂಬಿ ಇಳಿಜಾರಿನ ಗುಂಟ ಹರಿದರೆ, ತೂಕ ಅಷ್ಟೇ ಇಟ್ಟುಕೊಂಡರೂ, 0.71. ಸಾಫ್ಟ್‌ವೇರ್ ಮುಟ್ಟದೆ ಈ ಮೂರನ್ನೂ ಕೈಯಲ್ಲೇ ಲೆಕ್ಕ ಹಾಕಲು ಬರಬೇಕು; ಸಂದರ್ಶನದಲ್ಲಿ ಕಾಗದ, ಪೆನ್ನು ಮುಂದಿಟ್ಟರೆ ಆಗ ಕೈ ನಡುಗುವುದಿಲ್ಲ.

ಮುಂದಿನ ಪ್ರಶ್ನೆ ಪರಿಹಾರದ್ದು. ನೀರು ಪೂರ್ತಿ ಹೊರಹೋದರೂ ಸಿಗುವುದು 1.12 ಮಾತ್ರ, 1ಕ್ಕಿಂತ ತುಸುವೇ ಹೆಚ್ಚು, ಆದ್ದರಿಂದ ಡ್ರೈನ್ ಒಂದೇ ಸಾಲದು. ಇಳಿಜಾರನ್ನು 30 ಡಿಗ್ರಿಗೆ ತಗ್ಗಿಸಿದರೆ ನೆನೆದ ಮಣ್ಣಿಗೂ 1.51 ಬರುತ್ತದೆ, ನೀರು ನಿಲ್ಲದಿದ್ದರೆ. ಅದಕ್ಕೆ 10 ಮೀಟರ್ ಎತ್ತರದ ಕಟಿಂಗಿನ ಮೇಲೆ ಸುಮಾರು 5.4 ಮೀಟರ್ ಹೆಚ್ಚು ಜಾಗ ಬೇಕು, ಅಲ್ಲಿರುವುದು ಯಾರದೋ ಕಾಫಿ ತೋಟ. ತೋಟ ಬಿಡಿಸುವುದೋ, ಸಾಯಿಲ್ ನೈಲ್ (ಇಳಿಜಾರಿನೊಳಕ್ಕೆ ಕೂರಿಸುವ ಉಕ್ಕಿನ ಸರಳು) ಹೊಡೆಯುವುದೋ? ಎರಡರ ಖರ್ಚನ್ನೂ ಬರೆದು, ಆಯ್ಕೆ ಯಾರದೆಂದು ಸ್ಪಷ್ಟಪಡಿಸಿ. ‘ನಿರ್ಧರಿಸಲಾಯಿತು’ ಎಂಬ ಪದ ಇದ್ದಲ್ಲೆಲ್ಲ ‘ನಾನು ನಿರ್ಧರಿಸಿದೆ, ಕಾರಣ ಇದು’ ಎಂದು ತಿದ್ದಿ, ನಿಜವಾಗಿದ್ದರೆ ಮಾತ್ರ.

ಡ್ರೈನ್ ಪೈಪಿಗೆ ಜಿಯೊಟೆಕ್ಸ್‌ಟೈಲ್ ಎಂಬ, ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ ಸುತ್ತದಿದ್ದರೆ ಹೂಳು ಮಣ್ಣು ಒಳಸೇರಿ ಕಟ್ಟಿಕೊಳ್ಳುತ್ತದೆ, ಗುಣಾಂಕ ಮತ್ತೆ 0.71ರ ಕಡೆ ಜಾರುತ್ತದೆ. ಪ್ರತಿ ಮೇ ತಿಂಗಳಲ್ಲಿ ಆ ಪೈಪನ್ನು ತೊಳೆಯುವವರು ಯಾರೆಂಬುದೂ ವರದಿಯಲ್ಲಿರಲಿ.