ನೇರಳೆ ಲೇಬಲ್

ಮಂಗಳವಾರ ಪಾರ್ಸೆಲ್ ಬಿಚ್ಚಿದರೆ ಲೇಬಲ್ ನೇರಳೆ.

ಹಳೇ ಕಾಮಿಕ್ಸ್ ಕೂಡಿಡುವ ಹುಚ್ಚು ಹತ್ತಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಂಚಿಕೆಯನ್ನ ಪರೀಕ್ಷೆ ಮಾಡೋ ಕಂಪನಿಗೆ ಕಳಿಸಿದರೆ, ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಲೇಬಲ್ ಹಾಕಿ ವಾಪಸ್ ಕಳಿಸ್ತಾರೆ. ನೀಲಿ ಬಂದರೆ ಹಬ್ಬ, ನೇರಳೆ ಬಂದರೆ ಸೂತಕ. ಯಾರೋ ತಿದ್ದಿದ್ದಾರೆ ಅಂತ ಅರ್ಥ. ೯.೨ ಆದರೂ ಬಂದೀತು ಅಂದುಕೊಂಡಿದ್ದ ೧೯೬೮ರ ‘ಕ್ರೀಪಿ’ ಅನ್ನೋ ಭೂತದ ಕಾಮಿಕ್ಸ್ ಸಂಚಿಕೆಗೆ ೭.೦, ಮೇಲೆ ‘ಕವರ್‌ಗೆ ಬಣ್ಣ ತುಂಬಿದೆ’ ಅನ್ನೋ ಷರಾ. ಕಪ್ಪು ಕವರಿನ ಕರ್ಮವೇ ಅಷ್ಟು, ಬೆನ್ನಿನ ಮಡಿಕೆ ಕೂದಲೆಳೆಯಷ್ಟು ಸವೆದರೂ ಬೆಳ್ಳಗೆ ಕಾಣುತ್ತೆ. ಭೂತಗನ್ನಡಿ ಹಿಡಿದು ನೋಡಿಯೇ ಕೊಂಡಿದ್ದೆ. ಕವರ್ ತಿರುಗಿಸಿ ಒಳಗಡೆ ಇಂಕು ಇಂಗಿದೆಯಾ ಅಂತ ಮಾತ್ರ ನೋಡಲಿಲ್ಲ. ಆತುರಗಾರ ನಾನು.

ಮಾರಿದ ಪೆನ್ಸಿಲ್ವೇನಿಯಾದ ಅಜ್ಜನಿಗೆ ಫೋನ್ ಮಾಡಿದೆ, ಜಗಳಕ್ಕೆ ತಯಾರಾಗಿಯೇ. ಆತ ನಕ್ಕುಬಿಟ್ಟ. ‘ಅದಾ? ನಾನೇ ಹಚ್ಚಿದ್ದು. ಹನ್ನೊಂದು ವರ್ಷ ಆಗ. ಹರಿದು ಹಳೇದಾಗಿ ಕಂಡದ್ದನ್ನ ಅಮ್ಮ ಒಲೆಗೆ ಹಾಕ್ತಿದ್ಲು. ಹೊಸದಾಗಿ ಕಂಡರೆ ಬಿಡ್ತಿದ್ಲು.’

ಹೊಸದಾಗಿ ಕಂಡರೆ ಬಿಡ್ತಿದ್ಲು. ಮೂರು ದಿನದಿಂದ ತಲೆಯಲ್ಲಿ ಇದೇ ಮಾತು.

ಆ ತಾಯಿಯನ್ನು ಬೈಯಲೂ ಆಗಲ್ಲ. ೧೯೫೪ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೇ ಕಾಮಿಕ್ಸ್‌ನಿಂದ ಮಕ್ಕಳು ಕೆಡ್ತಾರಾ ಅಂತ ವಿಚಾರಣೆಗೆ ಕೂತಿತ್ತು. ಪ್ರಕಾಶಕರು ಹೆದರಿ ತಮಗೆ ತಾವೇ ಸಂಹಿತೆ ಹಾಕಿಕೊಂಡರು, ರಕ್ತಪಿಶಾಚಿಗಳೆಲ್ಲ ಮಾಯ. ಹತ್ತು ವರ್ಷ ಬಿಟ್ಟು ‘ಕ್ರೀಪಿ’ಯ ಪ್ರಕಾಶಕ ಜೇಮ್ಸ್ ವಾರೆನ್ ಉಪಾಯ ಹೂಡಿದ: ಇದು ಕಾಮಿಕ್ ಪುಸ್ತಕ ಅಲ್ಲ ಸ್ವಾಮಿ, ಮ್ಯಾಗಜೀನು! ಗಾತ್ರ ದೊಡ್ಡದು, ಒಳಗೆ ಕಪ್ಪು-ಬಿಳುಪು, ಬೆಲೆ ೩೫ ಸೆಂಟ್. ಸಂಹಿತೆ ಇದಕ್ಕೆ ತಾಗಲಿಲ್ಲ. ಆದರೆ ಮನೆಯೊಳಗಿನ ಸೆನ್ಸಾರ್ ಯಾವ ಗಾತ್ರಕ್ಕೆ ಬಗ್ಗುತ್ತೆ?

ನಾವೇನು ಕಮ್ಮಿಯಾ. ಶನಿವಾರದ ಡ್ರಿಲ್ಲಿಗೆ ಮುಂಚೆ ಕ್ಯಾನ್ವಾಸ್ ಶೂಗೆ ಸೀಮೆಸುಣ್ಣ ತಿಕ್ಕಿ ಪಿಟಿ ಮೇಷ್ಟ್ರ ಕಣ್ಣು ತಪ್ಪಿಸಿದವರೇ ಎಲ್ಲ.

ಅಜ್ಜ ಹಣ ವಾಪಸ್ ಕೊಡ್ತೀನಿ ಅಂದ, ಒಳ್ಳೆಯವನೇ. ಬಣ್ಣದ ವಿಷಯ ಮೊದಲೇ ಹೇಳಬಹುದಿತ್ತು, ಅದು ಬೇರೆ ಮಾತು. ಬೇಡ ಅಂದೆ. ನೀಲಿ ಲೇಬಲ್‌ಗಳ ಸಾಲಿನಲ್ಲಿ ನೇರಳೆ ಒಂದೇ ನಿಂತಿದೆ. ನಿನ್ನೆ ರಾತ್ರಿ ದೀಪಕ್ಕೆ ಓರೆಯಾಗಿ ಹಿಡಿದು ಹುಡುಕಿದೆ. ಗಾಜಿನಂಥ ಪ್ಲಾಸ್ಟಿಕ್‌ನ ಆಚೆ, ಬೆನ್ನಿನ ಕೆಳತುದಿಯಲ್ಲಿ, ಗೆರೆ ದಾಟಿ ಕೊಂಚ ಹೊರಗೆ ಹೋಗಿದೆ ಹುಡುಗನ ಇಂಕು.