ರಫ್ತು ಕೀಲಿಯ ಹಳೇ ಬಾಕಿ

26 ಜೂನ್ 2025, ಗುರುವಾರ

1997ರಲ್ಲಿ ಇದೇ ತಾರೀಕಿನಂದು ಅಮೆರಿಕದ ಸುಪ್ರೀಂ ಕೋರ್ಟು ಕಮ್ಯುನಿಕೇಷನ್ಸ್ ಡೀಸೆನ್ಸಿ ಆ್ಯಕ್ಟಿನ ‘ಅಸಭ್ಯ’ ಬರಹದ ಕಲಮುಗಳನ್ನು ರದ್ದು ಮಾಡಿತು. ಇಂಟರ್ನೆಟ್ಟಿನಲ್ಲಿ ಮಕ್ಕಳ ಕಣ್ಣಿಗೆ ಬೀಳುವಂತೆ ಅಂಥದ್ದನ್ನು ಹಾಕಿದರೆ ಎರಡು ವರ್ಷದವರೆಗೆ ಜೈಲು ಎನ್ನುತ್ತಿದ್ದ ಕಾನೂನು ಅದು.

ಆ ಹೊತ್ತಿಗೆ ಪರ್ಯಾಯವೆಂದು ಓಡಾಡುತ್ತಿದ್ದದ್ದು ಪಿಕ್ಸ್ ಲೇಬಲ್. ಸರ್ಕಾರ ಕತ್ತರಿ ಹಿಡಿಯುವುದು ಬೇಡ, ಪುಟ ಮಾಡಿದವರೇ ಗುರುತು ಹಾಕಲಿ, ಮನೆಯವರು ಬ್ರೌಸರಿನಲ್ಲೇ ಸೋಸಿಕೊಳ್ಳಲಿ ಎಂಬ ಲೆಕ್ಕ. ಪುಟದ ತಲೆಯಲ್ಲಿ ಒಂದು ಮೆಟಾ ಟ್ಯಾಗ್, ಅಂದರೆ ಓದುಗರಿಗೆ ಕಾಣದ, ಬ್ರೌಸರಿಗಷ್ಟೇ ತಿಳಿಯುವ ಗುರುತು. ಅದರೊಳಗೆ ರೇಟಿಂಗ್ ಸಂಸ್ಥೆಯ ವಿಳಾಸ, ಮುಂದೆ ಅಂಕಗಳು. ಆರ್‌ಸ್ಯಾಕ್ ಎಂಬ ರೇಟಿಂಗ್ ಸಂಸ್ಥೆಯ ಪಟ್ಟಿಯಲ್ಲಿ ನಗ್ನತೆ, ಲೈಂಗಿಕತೆ, ಹಿಂಸೆ, ಭಾಷೆ ಎಂದು ನಾಲ್ಕು ಬಾಬತ್ತು, ಪ್ರತಿಯೊಂದಕ್ಕೂ 0ಯಿಂದ 4. ಕೇಳಲು ಚೆಂದ. ಆದರೆ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಕಂಟೆಂಟ್ ಅಡ್ವೈಸರ್ ಎಂಬ ಸೋಸುವ ಸೌಲಭ್ಯ ಚಾಲೂ ಮಾಡಿದರೆ, ಬೇರೆ ಟಿಕ್ ಹಾಕದ ಹೊರತು ಲೇಬಲ್ ಇಲ್ಲದ ಪುಟ ತೆರೆಯುತ್ತಲೇ ಇರಲಿಲ್ಲ. ಸ್ವಇಚ್ಛೆ ಎಂಬುದು ಅಲ್ಲಿಗೆ ಮುಗಿಯಿತು. ಯುದ್ಧದ ವರದಿಗೂ ರಕ್ತ ಚೆಲ್ಲುವ ಆಟಕ್ಕೂ ಹಿಂಸೆಯಲ್ಲಿ ಒಂದೇ ಅಂಕ ಬೀಳುತ್ತಿತ್ತು. ಸುದ್ದಿಗೆ ಬೇರೆ ಲೇಬಲ್ ಕೊಡೋಣ ಎಂದವರು, ಯಾವುದು ಸುದ್ದಿ ಎಂದು ತೀರ್ಮಾನಿಸುವವರು ಯಾರು ಎಂಬಲ್ಲಿ ಸಿಕ್ಕಿಬಿದ್ದರು. ಕೊನೆಗೆ ಲೇಬಲ್ಲಿನಿಂದ ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಹಳೆಯ ಪುಟಗಳ ತಲೆಯಲ್ಲಿ ಓದುವವರಿಲ್ಲದೆ ಉಳಿಯಿತು, ಅಷ್ಟೇ.

ಎನ್‌ಕ್ರಿಪ್ಷನ್, ಅಂದರೆ ಬೇರೆಯವರು ಓದದಂತೆ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ವಿದ್ಯೆ, ಅದರ ಮೇಲಿನ ಕಟ್ಟಳೆಯದು ಹಾಗಲ್ಲ. ತೊಂಬತ್ತರ ದಶಕದಲ್ಲಿ ಅಮೆರಿಕ ಗಟ್ಟಿ ಎನ್‌ಕ್ರಿಪ್ಷನ್ ತಂತ್ರಾಂಶವನ್ನು ಯುದ್ಧಸಾಮಗ್ರಿಯ ಸಾಲಿಗೆ ಸೇರಿಸಿತ್ತು. ಹೀಗಾಗಿ ನೆಟ್‌ಸ್ಕೇಪ್ ಬ್ರೌಸರಿಗೆ ಎರಡು ಆವೃತ್ತಿ: ದೇಶದೊಳಗೆ 128 ಬಿಟ್ ಉದ್ದದ ಕೀಲಿ, ಹೊರಗೆ ರಫ್ತಿಗೆ 40 ಬಿಟ್ಟಿನದು. ಬ್ರೌಸರ್ ಮತ್ತು ಸರ್ವರಿನ ನಡುವಿನ ಮಾತನ್ನು ಮುಚ್ಚಿಡುವ ಎಸ್‌ಎಸ್‌ಎಲ್ ಎಂಬ ವಿಧಾನದ ಎರಡನೇ ಆವೃತ್ತಿಯಲ್ಲಿ ಈ ರಫ್ತು ಕೀಲಿಯೂ ನೋಡಲು 128 ಬಿಟ್ಟಿನದೇ, ಆದರೆ ಅದರಲ್ಲಿ 88 ಬಿಟ್ ಬಹಿರಂಗವಾಗಿ ತಂತಿಯ ಮೇಲೆ ಹೋಗುತ್ತಿತ್ತು. ಮುಂಚೆಯೇ ಕೋಷ್ಟಕ ಮಾಡಿಟ್ಟುಕೊಂಡು ಒಡೆಯದಂತೆ ಅದು ಉಪ್ಪಿನ (‘ಸಾಲ್ಟ್’, ಅಂದರೆ ಪ್ರತಿ ಸಲ ಬದಲಾಗುವ ಬೆರಕೆ ಅಂಕಿ) ಕೆಲಸ ಮಾಡುತ್ತಿತ್ತು. ಗುಟ್ಟಾಗಿ ಉಳಿಯುತ್ತಿದ್ದದ್ದು 40 ಬಿಟ್, ಅಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆ. 1995ರ ಆಗಸ್ಟಿನಲ್ಲಿ ಫ್ರಾನ್ಸಿನ ಡಾಮಿಯೆನ್ ದೊಲಿಗೆ ಸುಮಾರು 120 ಕಂಪ್ಯೂಟರುಗಳ ಬಿಡುವಿನ ಹೊತ್ತು ಬಳಸಿ ಎಂಟು ದಿನದಲ್ಲಿ ಒಂದನ್ನು ಒಡೆದರು. ನಿರ್ಬಂಧ ಬಹುಮಟ್ಟಿಗೆ ಸಡಿಲವಾಗಿದ್ದು 2000ದ ಜನವರಿಯಲ್ಲಿ.

ಕಾಗದದ ಮೇಲೆ ಸಡಿಲವಾಯಿತು. ಸರ್ವರುಗಳಲ್ಲಿ ರಫ್ತು ಸೈಫರ್, ಅಂದರೆ ರಫ್ತಿಗೆಂದು ಮಾಡಿದ ದುರ್ಬಲ ಎನ್‌ಕ್ರಿಪ್ಷನ್ ವಿಧಾನ, ಹಾಗೇ ಕೂತಿತ್ತು. ಯಾವುದೋ ಹಳೆಯ ಬ್ರೌಸರ್ ಬಂದರೆ ಇರಲಿ ಎಂದು ಯಾರೂ ಕಿತ್ತುಹಾಕಲಿಲ್ಲ. 2015ರ ಮಾರ್ಚಿನಲ್ಲಿ ಹೊರಬಿದ್ದ ಫ್ರೀಕ್ ದಾಳಿ ಇದನ್ನೇ ಹಿಡಿಯಿತು. ಬ್ರೌಸರ್ ಸಾಮಾನ್ಯ ಆರ್‌ಎಸ್‌ಎ (ದೊಡ್ಡ ಸಂಖ್ಯೆಯನ್ನು ಅಪವರ್ತಿಸುವುದು ಕಷ್ಟ ಎಂಬುದರ ಮೇಲೆ ನಿಂತ ಕೀಲಿ ವಿಧಾನ) ಕೇಳುತ್ತದೆ. ನಡುವೆ ಕೂತವನು ಆ ಮೊದಲ ಸಂದೇಶವನ್ನು ತಿದ್ದಿ ರಫ್ತು ಆರ್‌ಎಸ್‌ಎ ಕೇಳಿದಂತೆ ಮಾಡುತ್ತಾನೆ. ಸರ್ವರ್ 512 ಬಿಟ್ಟಿನ ತಾತ್ಕಾಲಿಕ ಕೀಲಿಯನ್ನು ತನ್ನ ನಿಜವಾದ ಕೀಲಿಯಿಂದ ಸಹಿ ಹಾಕಿ ಕೊಡುತ್ತದೆ. ನಾನು ಕೇಳಿದ್ದು ಇದಲ್ಲವಲ್ಲ ಎಂದು ಬ್ರೌಸರ್ ತಿರಸ್ಕರಿಸಬೇಕಿತ್ತು. ದೋಷವಿದ್ದ ಬ್ರೌಸರುಗಳು ಸಹಿ ನೋಡಿ ಸುಮ್ಮನಾದವು. 512 ಬಿಟ್ಟಿನ ಸಂಖ್ಯೆಯನ್ನು ಅಪವರ್ತಿಸಲು ಬಾಡಿಗೆ ಯಂತ್ರಗಳಲ್ಲಿ ಹಿಡಿದದ್ದು ಏಳೆಂಟು ತಾಸು, ಖರ್ಚು ಸುಮಾರು ನೂರು ಡಾಲರ್. ‘ತಾತ್ಕಾಲಿಕ’ ಎಂಬುದೂ ಹೆಸರಿಗಷ್ಟೇ: ಎಷ್ಟೋ ಸರ್ವರುಗಳು ಮರುಚಾಲನೆ ಆಗುವವರೆಗೆ ಅದೇ ಕೀಲಿಯನ್ನು ಎಲ್ಲರಿಗೂ ಹಂಚುತ್ತಿದ್ದವು. ಒಮ್ಮೆ ಒಡೆದರೆ ವಾರಗಟ್ಟಲೆ ಸಾಕು.

ಎನ್‌ಕ್ರಿಪ್ಷನ್ನಿನಲ್ಲಿ ಸರ್ಕಾರಕ್ಕೆ ಮಾತ್ರ ತೆರೆಯುವ ಬಾಗಿಲು ಇಡಿ ಎನ್ನುವವರಿಗೆ ನಾನು ತೋರಿಸುವುದು ಈ ಪ್ರಕರಣವನ್ನೇ. ಬಾಗಿಲು ಇಡಿಸಿದ ನಿಯಮ ಸಡಿಲವಾಗಿ ಹದಿನೈದು ವರ್ಷ ಕಳೆದರೂ ಬಾಗಿಲು ತೆರೆದೇ ಇತ್ತು, ಯಾರು ಬೇಕಾದರೂ ಒಳಗೆ ಬರಬಹುದಿತ್ತು.

ಸರ್ವರಿನಲ್ಲಿ ರಫ್ತು ಸೈಫರ್ ಇನ್ನೂ ಉಳಿದಿದೆಯೇ ಎಂದು ತಪಾಸಣೆ ಮಾಡುವವರು ಒಂದು ಕಡೆ ಎಡವುತ್ತಾರೆ. ಎನ್‌ಕ್ರಿಪ್ಷನ್ ಉಪಕರಣವಾದ ಇಂದಿನ ಓಪನ್‌ಎಸ್‌ಎಸ್‌ಎಲ್‌ನಲ್ಲಿ ರಫ್ತು ಸೈಫರ್ ಹೆಸರು ಕೊಟ್ಟು ಸರ್ವರಿಗೆ ಜೋಡಿಸಲು ಹೋದರೆ ‘ಹೊಂದುವ ಸೈಫರ್ ಇಲ್ಲ’ ಎಂಬ ದೋಷ ಬರುತ್ತದೆ. ಅದನ್ನು ಓದಿ ಸರ್ವರ್ ಸುರಕ್ಷಿತ ಎಂದು ವರದಿ ಬರೆದುಬಿಡುತ್ತಾರೆ. ನಿಜವೆಂದರೆ 1.1.0 ಆವೃತ್ತಿಯಿಂದ ಆ ಸೈಫರುಗಳು ನಿಮ್ಮ ಉಪಕರಣದಲ್ಲೇ ಇಲ್ಲ. ಪ್ರಶ್ನೆ ಸರ್ವರಿನವರೆಗೆ ಹೋಗಿಯೇ ಇರುವುದಿಲ್ಲ. ಇದಕ್ಕೆ ನೆಟ್‌ವರ್ಕ್ ಪರೀಕ್ಷಿಸುವ ತಂತ್ರಾಂಶವಾದ ಎನ್‌ಮ್ಯಾಪ್‌ನ ಸೈಫರ್ ಎಣಿಸುವ ಸ್ಕ್ರಿಪ್ಟ್ ಬಳಸಿ. ಅದು ಸಂಪರ್ಕ ಶುರುಮಾಡುವ ಕೈಕುಲುಕುವ (ಹ್ಯಾಂಡ್‌ಶೇಕ್) ಸಂದೇಶವನ್ನು ತಾನೇ ಕಟ್ಟುತ್ತದೆ, ಸ್ಥಳೀಯ ಲೈಬ್ರರಿಯಲ್ಲಿ ಏನಿದೆ ಏನಿಲ್ಲ ಎಂಬುದು ಅಡ್ಡ ಬರುವುದಿಲ್ಲ.

ಜಾಲತಾಣದ ಪೋರ್ಟ್ 443 ಒಂದನ್ನೇ ನೋಡಿ ಏಳಬೇಡಿ. ಮೇಲ್‌ನ 25, 587, 993 ಪೋರ್ಟುಗಳನ್ನೂ ನೋಡಿ. 2016ರ ಡ್ರೌನ್ ದಾಳಿಯಲ್ಲಿ ಜಾಲತಾಣ ಚೊಕ್ಕವಾಗಿದ್ದರೂ, ಅದೇ ಆರ್‌ಎಸ್‌ಎ ಕೀಲಿ ಹೊತ್ತ ಮೇಲ್ ಸರ್ವರ್ ಹಳೆಯ ಎಸ್‌ಎಸ್‌ಎಲ್ ಎರಡಕ್ಕೆ ಉತ್ತರಿಸುತ್ತಿದ್ದರೆ ಸಾಕಾಗಿತ್ತು, ತಾಣದ ಸಂಭಾಷಣೆಯೂ ಬಯಲಾಗುತ್ತಿತ್ತು. ಅಂಥದ್ದು ಸಿಕ್ಕರೆ ಮೊದಲು ಮೇಲ್ ಸರ್ವರಿನಲ್ಲಿ ಎಸ್‌ಎಸ್‌ಎಲ್ ಎರಡನ್ನೂ ರಫ್ತು ಸೈಫರುಗಳನ್ನೂ ಮುಚ್ಚಿ, ಸೇವೆ ಮರುಚಾಲನೆ ಮಾಡಿ. ಆಮೇಲೆ ಎರಡು ಸರ್ವರಿಗೂ ಬೇರೆ ಬೇರೆ ಕೀಲಿ ಹುಟ್ಟಿಸಿ. ಹಳೆಯ ಕೀಲಿಗೇ ಹೊಸ ಪ್ರಮಾಣಪತ್ರ ಮಾಡಿಸಿದರೆ ಪ್ರಯೋಜನವಿಲ್ಲ.