‘ಅಷ್ಟು ಜನ ಇದ್ದರಲ್ಲ, ಓಡಿಹೋಗಬಾರದಿತ್ತೇ?’

ಅಮೆರಿಕದ ಶಾರ್ಲೆಟ್‌ನಲ್ಲಿ ಮನೆ ಮಾಡಿದ ಮೇಲೆ ನನಗೆ ತಾನಾಗಿ ಅಂಟಿಕೊಂಡ ಹುದ್ದೆ ಎಂದರೆ ಊರಿನಿಂದ ಬಂದವರಿಗೆಲ್ಲ ಪಕ್ಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ತೋರಿಸುವುದು. ಮೂರೂವರೆ ಗಂಟೆಯ ದಾರಿ. ಪುಳಿಯೋಗರೆ ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟರೆ ಮಧ್ಯಾಹ್ನದೊಳಗೆ ಬಣ್ಣದ ಮನೆಗಳ ಮುಂದೆ ಫೋಟೊ ತೆಗೆಸಿಕೊಂಡು ಸಮುದ್ರದ ಗಾಳಿ ಕುಡಿದು ಮುಗಿದಿರುತ್ತದೆ. ಕೊನೆಗೆ ಚಾಲ್ಮರ್ಸ್ ಬೀದಿಯಲ್ಲಿ ಗುಲಾಮರನ್ನು ಹರಾಜು ಹಾಕುತ್ತಿದ್ದ ಕಟ್ಟಡ. ಈಗ ಅದು ವಸ್ತುಸಂಗ್ರಹಾಲಯ. ಅಲ್ಲಿಂದ ಹೊರಬಿದ್ದು ಐದು ನಿಮಿಷವಾಗುವಷ್ಟರಲ್ಲಿ ಈ ಪ್ರಶ್ನೆ ಬರುತ್ತದೆ: ‘ಅಷ್ಟು ಜನ ಇದ್ದರಲ್ಲ, ಓಡಿಹೋಗಬಾರದಿತ್ತೇ?’

ನಾನು ಇತಿಹಾಸಕಾರನಲ್ಲ. ಹೊಟ್ಟೆಪಾಡಿಗೆ ಕಂಪ್ಯೂಟರಿನ ಕೆಲಸ. ಆದರೆ ಹದಿನಾರು ಸಲ ಬಾಯಿಮಾತಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿದೆ, ಅದಕ್ಕೇ ಬರೆದು ಹಾಕುತ್ತಿದ್ದೇನೆ.

ಮೊದಲು ಆ ‘ಬಾರದಿತ್ತೇ’ಯ ಮೇಲೆಯೇ ನನಗೆ ಸಿಟ್ಟು. ನಮ್ಮ ಮನೆಗಳಲ್ಲಿ ಅದು ಬಸ್ಸು ತಪ್ಪಿಸಿಕೊಂಡವನಿಗೆ ಹೇಳುವ ಮಾತು. ಹತ್ತು ನಿಮಿಷ ಮುಂಚೆ ಹೊರಡಬಾರದಿತ್ತೇ? ಕೊಡೆ ತರಬಾರದಿತ್ತೇ? ಕೇಳುವವರಿಗೆ ಉತ್ತರ ಬೇಕಿಲ್ಲ, ತಪ್ಪು ನಿನ್ನದೇ ಎಂದು ತೀರ್ಪು ಕೊಟ್ಟಾಗಿರುತ್ತದೆ. ಎರಡು ಶತಮಾನದ ಕೆಳಗೆ ಬೆನ್ನ ಮೇಲೆ ಬಾಸುಂಡೆ ಹೊತ್ತವರಿಗೂ ನಾವು ಕೊಡುವುದು ಇದೇ ಬುದ್ಧಿವಾದ.

ಅವರು ಓಡಿದರು, ದಂಗೆಯೂ ಎದ್ದರು. 1739ರ ಸೆಪ್ಟೆಂಬರ್ 9, ಭಾನುವಾರ, ಚಾರ್ಲ್ಸ್‌ಟನ್‌ಗೆ ಹತ್ತಿರದ ಸ್ಟೊನೊ ನದಿಯ ಬಳಿ ಸುಮಾರು ಇಪ್ಪತ್ತು ಜನ ಬಂದೂಕಿನ ಅಂಗಡಿಗೆ ನುಗ್ಗಿ, ಸ್ಪೇನಿನವರ ಹಿಡಿತದಲ್ಲಿದ್ದ ಫ್ಲಾರಿಡಾದ ಕಡೆಗೆ ಹೊರಟರು. ಅಲ್ಲಿಗೆ ಮುಟ್ಟಿದವರಿಗೆ ಬಿಡುಗಡೆ ಎಂಬ ಭರವಸೆ ಇತ್ತು. ದಾರಿಯಲ್ಲಿ ಇನ್ನಷ್ಟು ಜನ ಸೇರಿಕೊಂಡರು. ಸಂಜೆಯೊಳಗೆ ಕುದುರೆ ಸವಾರರು ಬೆನ್ನಟ್ಟಿ ಬಂದರು. ಮರುವರ್ಷವೇ ಬಿಗಿಯಾದ ಹೊಸ ಕಾನೂನು ಬಂತು. ಯಜಮಾನನ ಅಪ್ಪಣೆ ಚೀಟಿ ಇಲ್ಲದೆ ತೋಟದಾಚೆ ಸಿಕ್ಕಿಬಿದ್ದ ಗುಲಾಮನಿಗೆ ಬರಿ ಬೆನ್ನಿನ ಮೇಲೆ ಇಪ್ಪತ್ತರವರೆಗೆ ಚಾಟಿಯೇಟು, ಗುಲಾಮನಿಗೆ ಬರೆಯಲು ಕಲಿಸಿದವರಿಗೆ ನೂರು ಪೌಂಡ್ ದಂಡ. ಎರಡಕ್ಕೂ ಸಂಬಂಧವಿದೆ. ಬರೆಯಲು ಬಂದವನು ತನ್ನ ಚೀಟಿಯನ್ನು ತಾನೇ ಬರೆದುಕೊಳ್ಳಬಲ್ಲ.

ಮೇರಿಲ್ಯಾಂಡಿನಲ್ಲಿ ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಾಸ್ ಬರೆದುಕೊಂಡದ್ದು ಹಾಗೆಯೇ. 1836ರಲ್ಲಿ ಈಸ್ಟರ್ ರಜೆಗೆ ಬಾಲ್ಟಿಮೋರ್‌ಗೆ ಹೋಗಲು ಯಜಮಾನನ ಅಪ್ಪಣೆ ಇದೆ ಎಂದು ತನಗೂ ಜೊತೆಯವರಿಗೂ ಚೀಟಿ ಬರೆದಿಟ್ಟ. ಗುಟ್ಟು ಬಯಲಾಯಿತು. ಹಿಡಿದು ಕರೆದೊಯ್ಯುವಾಗ ತನ್ನ ಚೀಟಿಯನ್ನು ಬೆಂಕಿಗೆ ಹಾಕಿದ, ಗೆಳೆಯನಿಗೆ ಅವನದನ್ನು ಬಿಸ್ಕತ್ತಿನ ಜೊತೆ ನುಂಗಿಬಿಡಲು ಹೇಳಿದ. ಎರಡು ವರ್ಷದ ಮೇಲೆ ನಾವಿಕನ ವೇಷ ಹಾಕಿ, ಬೇರೊಬ್ಬನ ಕಾಗದಪತ್ರ ಹಿಡಿದು ನಿಜಕ್ಕೂ ಪಾರಾದ. ಅದೂ ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳ ಗಡಿಗೆ ಹತ್ತಿರದ ಮೇರಿಲ್ಯಾಂಡಿನಿಂದ. ದಕ್ಷಿಣ ಕೆರೊಲಿನಾದಿಂದ ಹೊರಟವನು ಎಷ್ಟು ರಾತ್ರಿ ನಡೆಯಬೇಕಿತ್ತು, ಭೂಪಟ ನೋಡಿಕೊಳ್ಳಿ.

ಆ ರಾತ್ರಿಗಳಲ್ಲಿ ದಾರಿಯ ಮೇಲೆ ಇದ್ದದ್ದು ಗಸ್ತು. ದಕ್ಷಿಣ ಕೆರೊಲಿನಾ 1704ರಲ್ಲೇ ಅದಕ್ಕೆ ಕಾನೂನು ಮಾಡಿತ್ತು. 1757ರ ಹೊತ್ತಿಗೆ ವರ್ಜೀನಿಯಾ, ಉತ್ತರ ಕೆರೊಲಿನಾ, ಜಾರ್ಜಿಯಾ ಎಲ್ಲ ಕಡೆಯೂ ಬಂದಿತ್ತು. ನಾಲ್ಕಾರು ಬಿಳಿಯರು, ಒಬ್ಬ ಮುಖಂಡ, ಕುದುರೆ, ಚಾಟಿ, ಬಂದೂಕು, ಎಷ್ಟೋ ಕಡೆ ನಾಯಿ. ಕಂಡವನನ್ನು ನಿಲ್ಲಿಸಿ ಚೀಟಿ ಕೇಳುವುದು, ಗುಡಿಸಲುಗಳಿಗೆ ನುಗ್ಗಿ ಆಯುಧ ಹುಡುಕುವುದು, ಪ್ರಾರ್ಥನೆಗೆ ಸೇರಿದವರನ್ನು ಚದುರಿಸುವುದು. ಗಸ್ತಿನವನಿಗೆ ಇಂಗ್ಲಿಷಿನಲ್ಲಿ ‘ಪಟ್ರೋಲರ್’, ಗುಲಾಮರ ಬಾಯಲ್ಲಿ ಅದು ‘ಪ್ಯಾಟರೋಲರ್’ ಆಗಿತ್ತು.

1936ರಿಂದ 1938ರವರೆಗೆ, ಒಂದು ಕಾಲಕ್ಕೆ ಗುಲಾಮರಾಗಿದ್ದ ಎರಡು ಸಾವಿರಕ್ಕೂ ಹೆಚ್ಚು ಮುದುಕ ಮುದುಕಿಯರ ನೆನಪುಗಳನ್ನು ಸರ್ಕಾರವೇ ಬರೆಸಿಟ್ಟಿತು. ಅದರಲ್ಲಿ ಈ ಪ್ಯಾಟರೋಲರುಗಳು ಮತ್ತೆ ಮತ್ತೆ ಬರುತ್ತಾರೆ. ದಾರಿಗೆ ಅಡ್ಡಲಾಗಿ ಕಾಡುಬಳ್ಳಿ ಬಿಗಿದು ಕುದುರೆ ಮುಗ್ಗರಿಸುವಂತೆ ಮಾಡಿದ ಕಥೆಗಳಿವೆ, ಒಲೆಯ ಕೆಂಡ ಎರಚಿ ತಪ್ಪಿಸಿಕೊಂಡ ಕಥೆಗಳಿವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಕಬ್ಬಿಣದ ಕೊಪ್ಪರಿಗೆ. ರಾತ್ರಿ ಗುಟ್ಟಾಗಿ ಪ್ರಾರ್ಥನೆಗೆ ಸೇರಿದಾಗ ಬಾಗಿಲ ಬಳಿ ಕೊಪ್ಪರಿಗೆಯನ್ನು ಬೋರಲು ಹಾಕುತ್ತಿದ್ದರು. ಒಳಗಿನ ಹಾಡು, ಅಳು ಎಲ್ಲವನ್ನೂ ಅದೇ ಹಿಡಿದುಕೊಳ್ಳುತ್ತದೆ, ಗಸ್ತಿನವರ ಕಿವಿಗೆ ಬೀಳುವುದಿಲ್ಲ ಎಂಬ ನಂಬಿಕೆ. ಒಬ್ಬರಲ್ಲ, ಬೇರೆ ಬೇರೆ ರಾಜ್ಯಗಳ ಎಷ್ಟೋ ಜನ ಇದನ್ನೇ ಹೇಳಿದ್ದಾರೆ. ಸದ್ದು ನಿಜಕ್ಕೂ ಅಡಗುತ್ತಿತ್ತೇ ಎಂದು ದಯವಿಟ್ಟು ಕೇಳಬೇಡಿ. ಅದನ್ನೂ ಕೇಳಿದವರಿದ್ದಾರೆ.

2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತ ಮೇಲೆ ಇನ್ನೊಂದು ಪ್ರಶ್ನೆ ಶುರುವಾಗಿದೆ: ಅಮೆರಿಕದ ಪೊಲೀಸ್ ವ್ಯವಸ್ಥೆ ಹುಟ್ಟಿದ್ದೇ ಈ ಗಸ್ತಿನಿಂದಂತೆ, ಹೌದೇ? ಬಾಸ್ಟನ್, ನ್ಯೂಯಾರ್ಕ್‌ಗಳ ದಾರಿ ಬೇರೆ. ಚಾರ್ಲ್ಸ್‌ಟನ್ನಿನಲ್ಲಿ ಸಮವಸ್ತ್ರ ತೊಟ್ಟ ನಗರ ಕಾವಲು ಪಡೆಯ ಮುಖ್ಯ ಕೆಲಸವೇ ಗುಲಾಮರ ಮೇಲೆ ಕಣ್ಣಿಡುವುದಾಗಿತ್ತು. ಒಂದೇ ಸಾಲಿನ ಉತ್ತರ ಬೇಕಾದವರು ಬೇರೆ ಯಾರನ್ನಾದರೂ ಕೇಳಿ.

ಹೋದ ವರ್ಷ ಸೋದರಮಾವ ಬಂದಿದ್ದರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಗಾಜಿನ ಹಿಂದೆ ಇಟ್ಟಿದ್ದ ಒಂದು ತಾಮ್ರದ ಬಿಲ್ಲೆಯ ಮುಂದೆ ನಿಂತರು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು, ಮೇಲೆ ದಾರ ಪೋಣಿಸಲು ತೂತು. ಊರಿನ ಹೆಸರು, ಇಸವಿ, ಕಸುಬು, ಸಂಖ್ಯೆ ಒತ್ತಿದ್ದರು. ಹೊರಗೆ ಬಾಡಿಗೆ ದುಡಿಮೆಗೆ ಕಳಿಸುವ ಗುಲಾಮನಿಗೆ ಯಜಮಾನ ಪ್ರತಿ ವರ್ಷ ನಗರಕ್ಕೆ ಹಣ ಕಟ್ಟಿ ಕೊಳ್ಳಬೇಕಿದ್ದ ಬಿಲ್ಲೆ. ‘ರೈಲ್ವೆ ಕೂಲಿಯವರ ಬಿಲ್ಲೆಯ ಹಾಗಿದೆಯಲ್ಲೋ’ ಎಂದರು ಮಾವ. ಇವರೂ ಓಡುವ ವಿಷಯಕ್ಕೇ ಬರುತ್ತಾರೆ ಎಂದು ಹಲ್ಲು ಕಚ್ಚಿಕೊಂಡು ಕಾದೆ. ಬಂದರು. 1860ರಲ್ಲಿ ಈ ರಾಜ್ಯದ ಏಳು ಲಕ್ಷ ಜನರಲ್ಲಿ ನಾಲ್ಕು ಲಕ್ಷ ಗುಲಾಮರು ಎಂದು ಫಲಕದಲ್ಲಿ ಓದಿಕೊಂಡು ಬೇರೆ ಬಂದಿದ್ದರು. ನಾನು ಮೇಲಿನದನ್ನೆಲ್ಲ ಒಪ್ಪಿಸಿದೆ, ಸ್ವಲ್ಪ ಜೋರಾಗಿಯೇ.

ಕಾರು ಕೊಲಂಬಿಯಾ ದಾಟುವವರೆಗೂ ಮಾವ ಮಾತಾಡಲಿಲ್ಲ. ಬೇಸರವಾಯಿತೇನೋ ಎಂದುಕೊಂಡೆ. ಆಮೇಲೆ ಕೇಳಿದರು: ‘ಅಲ್ಲಪ್ಪ, ಆ ಗಸ್ತಿನವರಿಗೆ ಸಂಬಳ ಎಷ್ಟು?’

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ಕೇಳಿದವರು ಇವರೊಬ್ಬರೇ. ಎಷ್ಟೋ ಕಡೆ ಸಂಬಳವೇ ಇರಲಿಲ್ಲ ಮಾವ, ಸರದಿಯ ಮೇಲೆ ಊರಿನವರೇ ಹೋಗಬೇಕಿತ್ತು ಎಂದೆ. ರೈತ, ಅಂಗಡಿಯವನು, ಒಬ್ಬ ಗುಲಾಮನೂ ಇಲ್ಲದ ಬಡ ಬಿಳಿಯ, ತೋಟದ ಸಾಹುಕಾರನ ಮಗ. ಉತ್ತರ ಕೆರೊಲಿನಾದಲ್ಲಿ ಗಸ್ತಿನವರಿಗೆ ರಸ್ತೆ ದುರಸ್ತಿಯ ಬಿಟ್ಟಿ ಕೆಲಸದಿಂದ ವಿನಾಯಿತಿ ಕೊಡುತ್ತಿದ್ದರು.

‘ಹಾಗಾದರೆ ಪಟ್ಟಿ ಇರಬೇಕಲ್ಲ?’

ಇದೆ, ಕೌಂಟಿ ನ್ಯಾಯಾಲಯದ ದಾಖಲೆಗಳಲ್ಲಿ ಹೆಸರು ಹೆಸರಾಗಿ ಇದೆ ಎಂದೆ. ಮಾವ ತಲೆಯಾಡಿಸಿದರು. ಬದುಕೆಲ್ಲ ಹಾಜರಿ ಪುಸ್ತಕ ನೋಡಿದವರು, ಮುಂದಿನದು ಬಂದೇ ಬಂತು: ‘ಹೋಗುವುದಿಲ್ಲ ಎಂದವರು?’

ತಪ್ಪಿಸಿಕೊಂಡವರಿಗೆ ದಂಡವಿತ್ತು. ಹಣ ಇದ್ದವರು ಬದಲಿ ಆಳನ್ನು ಕಳಿಸುತ್ತಿದ್ದರು. ಗಸ್ತು ಸರಿಯಾಗಿ ನಡೆಯುತ್ತಿಲ್ಲ ಎಂದು ದಕ್ಷಿಣ ಕೆರೊಲಿನಾದಲ್ಲಿ ಮತ್ತೆ ಮತ್ತೆ ದೂರು ಹೋಗುತ್ತಿತ್ತು.

‘ಮನಸ್ಸು ಒಪ್ಪದೆಯೋ?’

ದೂರುಗಳಲ್ಲಿ ಇರುವುದು ಅಸಡ್ಡೆಯ ಮಾತು ಮಾವ, ಎಂದೆ. ಅವರು ಕಿಟಕಿಯ ಗಾಜು ಇಳಿಸಿ, ಮತ್ತೆ ಏರಿಸಿ, ಪುಳಿಯೋಗರೆ ಉಳಿದಿದೆಯೇ ಎಂದು ಕೇಳಿದರು.